ಇಪ್ಪತ್ತೈದು ಗಂಟೆಯ ಭಾನುವಾರ

ವರ್ಷದಲ್ಲಿ ಒಂದೇ ಒಂದು ಭಾನುವಾರಕ್ಕೆ ಇಪ್ಪತ್ತೈದು ಗಂಟೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಮಾರ್ಚಿನಲ್ಲಿ ಹೇಳದೆ ಕೇಳದೆ ಕಿತ್ತುಕೊಂಡ ಗಂಟೆಯನ್ನು ಸರ್ಕಾರ ಅವತ್ತು ದೊಡ್ಡ ಮನಸ್ಸು ಮಾಡಿ ವಾಪಸು ಕೊಡುತ್ತದೆ. ಜನ ಅದನ್ನು ಹಾಸಿಗೆಯಲ್ಲಿ ಹೊರಳಾಡಿ ಮುಗಿಸುತ್ತಾರೆ. ಹಾಫ್‌ಮನ್ ಎಸ್ಟೇಟ್ಸಿನ ಪ್ರಜ್ವಲ್ ಮಾತ್ರ ಬೇಸಿಗೆಯಿಂದಲೇ ಆ ಗಂಟೆಯ ಮೇಲೆ ಕಣ್ಣಿಟ್ಟಿದ್ದ. ಯಾಕೆಂದರೆ ಈ ವರ್ಷ ಆ ಭಾನುವಾರ ಅವನ ಪಾಲಿಗೆ ಬಂದಿತ್ತು.

ಪಾಲು ಎಂದರೆ ಮಗಳ ಜೊತೆ ಇರುವ ಪಾಲು. ಪ್ರಜ್ವಲ್ ಮತ್ತು ಲತಾಶ್ರೀ ಬೇರೆಯಾಗಿ ಮೂರು ವರ್ಷವಾಗಿತ್ತು. ಲತಾಶ್ರೀ ಕಾರು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್, ಇರುವುದು ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ. ಪ್ರಜ್ವಲನ ಕೆಲಸವೂ ಮನೆಯೂ ಶಿಕಾಗೋ ಪಕ್ಕದಲ್ಲಿ. ಅವನ ವೀಸಾ ಅಲ್ಲಿನ ಕಂಪನಿಯ ಬಾಲಕ್ಕೆ ಕಟ್ಟಿಕೊಂಡಿತ್ತು, ಗ್ರೀನ್ ಕಾರ್ಡಿನ ಸಾಲು ಕದಲುತ್ತಿರಲಿಲ್ಲ. ಹಾಗಾಗಿ ಅವನು ಅಲ್ಲಿಂದ ಅಲುಗಾಡುವ ಹಾಗಿರಲಿಲ್ಲ. ಹನ್ನೆರಡು ವರ್ಷದ ದಿಯಾ ಅಮ್ಮನ ಹತ್ತಿರ ಇದ್ದಳು. ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಲತಾ ಅವಳನ್ನು ಅರ್ಧ ದಾರಿಗೆ, ಪಾ ಪಾ ಎಂಬ ಹೆಸರಿನ ಒಂದು ಚಿಕ್ಕ ಊರಿನ ಹೆದ್ದಾರಿ ಎಕ್ಸಿಟ್‌ನಲ್ಲಿದ್ದ ಗ್ಯಾಸ್ ಸ್ಟೇಷನ್ನಿಗೆ, ಅಂದರೆ ಪೆಟ್ರೋಲ್ ಬಂಕಿಗೆ, ಕರೆತರುವಳು. ಪ್ರಜ್ವಲ್ ಅಲ್ಲಿಗೆ ಹೋಗಿ ಕರೆದುಕೊಂಡು ಬರುವನು. ಭಾನುವಾರ ಮಧ್ಯಾಹ್ನ ಅದೇ ಗ್ಯಾಸ್ ಸ್ಟೇಷನ್ನಿನ ಮುಂದೆ ವಾಪಸು ಒಪ್ಪಿಸುವನು. ಮಿಶಿಗನ್ನಿನ ಗಡಿಯಾರ ಶಿಕಾಗೋಗಿಂತ ಒಂದು ಗಂಟೆ ಮುಂದೆ. ಆದ್ದರಿಂದ ಪ್ರತಿ ಸಲ ಒಪ್ಪಿಸುವಾಗ, ಕೈಯಲ್ಲಿದ್ದ ಒಂದು ಗಂಟೆಯನ್ನು ಯಾರೋ ಕಿತ್ತುಕೊಂಡರು ಎಂದೇ ಅವನಿಗೆ ಅನಿಸುತ್ತಿತ್ತು. ಶುಕ್ರವಾರ ಅದೇ ಗಂಟೆ ಸಿಕ್ಕಿರುತ್ತದಲ್ಲ ಎಂದರೆ, ಅದು ಕಾರಿನಲ್ಲಿ ನಿದ್ದೆ ಹೋದ ಮಗಳ ಗೊರಕೆ ಕೇಳುವುದರಲ್ಲಿ ಮುಗಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎನ್ನುವ ಪೈಕಿ ಅವನು.

ಈ ಸಲ ಇನ್ನೊಂದು ಹುಳ ತಲೆ ಕೊರೆಯುತ್ತಿತ್ತು. ಬುಧವಾರ ಲತಾಳ ಮೆಸೇಜು ಬಂದಿತ್ತು. ಭಾನುವಾರ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲು, ಜನವರಿಯಿಂದ ವೀಕೆಂಡ್‌ಗಳ ವಿಷಯ ಮಾತಾಡಬೇಕು, ಅಷ್ಟೇ. ಲತಾ ಮೂರು ವರ್ಷದಲ್ಲಿ ಯಾವತ್ತೂ ಒಳ್ಳೆಯ ಸುದ್ದಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡವಳಲ್ಲ. ಅವಳು ಏನೇನು ಹೇಳಬಹುದೆಂದು ಪ್ರಜ್ವಲ್ ಊಹಿಸತೊಡಗಿದ. ಎರಡು ವಾರಕ್ಕೊಮ್ಮೆ ಇದ್ದದ್ದು ಇನ್ನು ತಿಂಗಳಿಗೊಮ್ಮೆ ಎನ್ನುತ್ತಾಳೆ. ದಿಯಾಗೆ ಶನಿವಾರ ಡಿಬೇಟ್ ಕ್ಲಬ್ಬು, ಭಾನುವಾರ ಗೆಳತಿಯರು, ಎಲ್ಲಕ್ಕೂ ಮೇಲೆ ವಯಸ್ಸು ಎನ್ನುತ್ತಾಳೆ. ಕೊನೆಗೆ, ಬೇಕಾದರೆ ಅವಳನ್ನೇ ಕೇಳು ಎನ್ನುತ್ತಾಳೆ. ಆ ಕೊನೆಯದೇ ಅವನನ್ನು ಹೆದರಿಸಿದ್ದು.

ಹೆದರಿದ ಮನುಷ್ಯ ಏನು ಮಾಡುತ್ತಾನೆ? ಯೋಜನೆ ಹಾಕುತ್ತಾನೆ. ಈ ವಾರಾಂತ್ಯ ಎಷ್ಟು ಚೆನ್ನಾಗಿರಬೇಕೆಂದರೆ, ಅಮ್ಮ ಕೇಳಿದಾಗ ದಿಯಾ ತಾನಾಗಿಯೇ, ಇಲ್ಲ, ನನಗೆ ಅಪ್ಪನ ಮನೆಗೆ ಹೋಗಲೇಬೇಕು ಎಂದು ಹಟ ಹಿಡಿಯಬೇಕು. ದೀಪಾವಳಿ ಬೇರೆ ಆಗತಾನೆ ಬಂದಿತ್ತು. ನರಕ ಚತುರ್ದಶಿ ಗುರುವಾರವೇ ಆಗಿಹೋಗಿದ್ದರೂ ಅವನಿಗೆ ಅದೇನೂ ಅಡ್ಡಿಯಾಗಲಿಲ್ಲ. ಅಮೆರಿಕದಲ್ಲಿ ಹಬ್ಬಗಳೆಲ್ಲ ವಾರಾಂತ್ಯಕ್ಕೆ ಜಾರುತ್ತವೆ, ಜಾರದಿದ್ದರೆ ನಾವೇ ತಳ್ಳುತ್ತೇವೆ. ಭಾನುವಾರ ಸೂರ್ಯ ಹುಟ್ಟುವ ಮುಂಚೆ ಮಗಳ ತಲೆಗೆ ಎಣ್ಣೆ ಒತ್ತಿ ಸ್ನಾನ ಮಾಡಿಸಬೇಕೆಂದು ಅವನು ನಿರ್ಧರಿಸಿದ. ಎಣ್ಣೆ ಹಚ್ಚಿ ನೆನೆಯಲು ಬಿಡಬೇಕು, ಸೀಗೆಪುಡಿ ಹಾಕಿ ತೊಳೆಯಬೇಕು, ಉದ್ದ ಕೂದಲನ್ನು ಒಣಗಿಸಬೇಕು. ಅದಕ್ಕೆಲ್ಲ ಪುರುಸೊತ್ತು ಬೇಕು. ಆ ಪುರುಸೊತ್ತನ್ನೇ ಸರ್ಕಾರ ಈ ಸಲ ಒಂದು ಗಂಟೆ ಅಳೆದು ಕೊಡುತ್ತಿರುವಾಗ ಬಿಟ್ಟಾನೆಯೇ?

ಶುಕ್ರವಾರ ರಾತ್ರಿ ಮನೆ ತಲುಪಿದಾಗ ದಿಯಾ ಕಾರಿನಿಂದ ಇಳಿದದ್ದೂ ಗೊತ್ತಿಲ್ಲದಂತೆ ನಡೆದು ಬಂದು ಮಲಗಿದಳು. ಶನಿವಾರ ಬೆಳಿಗ್ಗೆ ಅವನು ಏಳುವ ಮೊದಲೇ ಎದ್ದು, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಬರೀ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದಳು. "ಇಷ್ಟು ಬೇಗ ಎದ್ಬಿಟ್ಯಾ? ದೋಸೆ ಹಾಕೋಣ ಅಂತಿದ್ದೆ," ಎಂದ. "ಇಟ್ಸ್ ಫೈನ್, ಅಪ್ಪಾ," ಎಂದಳು. ದಿಯಾಳ ಬಾಯಿಂದ ದಿನಕ್ಕೆ ಹತ್ತು ಸಲ ಬರುವ ಮಾತು ಅದು. ಪ್ರಜ್ವಲ್ ಅದನ್ನು ಮಗಳ ಒಳ್ಳೆಯ ಸ್ವಭಾವ ಎಂದುಕೊಂಡಿದ್ದ.

ತಿಂದು ಮುಗಿಸಿ ಅವಳು ಮೇಜಿನ ಮುಂದೆ ಕೂತು ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು. ಮಂಗಳವಾರ ಶಾಲೆಯಲ್ಲಿ ಅವಳು ಮಾತಾಡಬೇಕಿತ್ತು. ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವ ಈ ಪದ್ಧತಿ ಇರಬೇಕೇ, ಹೋಗಬೇಕೇ ಎಂಬುದು ವಿಷಯ. ಅದಕ್ಕೆ ಮೊದಲು ಮನೆಯವರನ್ನೂ ನೆರೆಯವರನ್ನೂ ಅಭಿಪ್ರಾಯ ಕೇಳಿಕೊಂಡು ಬರಬೇಕು.

"ಅಮ್ಮ ಏನಂದ್ಲು?" ಎಂಬುದು ಅವನ ಮೊದಲ ಪ್ರಶ್ನೆ.

ಅಮ್ಮ ನಿಲ್ಲಿಸಬೇಕು ಎಂದಿದ್ದಳು. ಚಳಿಗಾಲದ ಸಮಯವನ್ನೇ ವರ್ಷವಿಡೀ ಇಟ್ಟುಬಿಡಲಿ, ನಾರ್ತ್‌ವಿಲ್‌ನಲ್ಲಿ ಅಕ್ಟೋಬರ್ ಕೊನೆಗೆ ಎಂಟು ಗಂಟೆಯಾದರೂ ಸೂರ್ಯನ ಸುದ್ದಿಯಿಲ್ಲ, ಮಗು ಕತ್ತಲಲ್ಲಿ ಫೋನಿನ ಬೆಳಕು ಬಿಟ್ಟುಕೊಂಡು ಸ್ಕೂಲ್ ಬಸ್ಸಿಗೆ ಕಾಯುತ್ತದೆ ಎಂದಿದ್ದಳಂತೆ. ಲತಾ ನಿಲ್ಲಿಸಬೇಕು ಎಂದ ಮೇಲೆ ಪ್ರಜ್ವಲನಿಗೆ ಇರಬೇಕು ಎನ್ನದೆ ಬೇರೆ ದಾರಿ ಇರಲಿಲ್ಲ. ಅದಿರಲಿ, ಈ ವರ್ಷ ಅವನಿಗೆ ನಿಜವಾಗಿಯೂ ಅದು ಬೇಕಾಗಿತ್ತು.

"ಇರ್ಬೇಕು," ಎಂದ. "ಮನುಷ್ಯ ಪ್ರಕೃತಿ ಜೊತೆ ಅಡ್ಜಸ್ಟ್ ಆಗ್ಬೇಕು ನೋಡು. ಬೆಳಕು ಬದಲಾದ್ರೆ ನಾವೂ ಬದಲಾಗ್ಬೇಕು. ಕರೆಂಟ್ ಬೇರೆ ಉಳಿಯುತ್ತೆ."

ದಿಯಾ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದಳು. "ಈಸ್ ದಟ್ ರಿಯಲಿ ವೈ?"

"ಮತ್ತಿನ್ನೇನು?" ಎಂದು ಪ್ರಜ್ವಲ್ ಎದ್ದು ಪಾತ್ರೆ ತೊಳೆಯಲು ಹೋದ. ನೀನು ನನ್ನ ಜೊತೆ ಒಂದು ಗಂಟೆ ಜಾಸ್ತಿ ಇರುತ್ತೀಯಲ್ಲ, ಅದಕ್ಕೆ ಎನ್ನಲು ಅವನಿಗೆ ನಾಚಿಕೆಯಾಯಿತು.

ಹನ್ನೊಂದರ ಹೊತ್ತಿಗೆ ಕೆಳಗಿನ ಮನೆಯ ಚಂದ್ರಮೌಳಿ ಅಂಕಲ್ ಕೋಡುಬಳೆ ಡಬ್ಬಿ ಹಿಡಿದುಕೊಂಡು ಹತ್ತಿ ಬಂದರು. ಮೈಸೂರಿನ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾಗಿ ಮಗನ ಮನೆಯಲ್ಲಿದ್ದ ಅವರಿಗೆ ಅಭಿಪ್ರಾಯ ಕೇಳುವವರು ಸಿಗುವುದೇ ಅಪರೂಪ. ಹನ್ನೆರಡು ವರ್ಷದ ಹುಡುಗಿ ಪೆನ್ನು ಹಿಡಿದು, ತಾತ, ನಿಮ್ಮ ಅಭಿಪ್ರಾಯ ಹೇಳಿ ಎಂದದ್ದೇ ತಡ, ಸೋಫಾದಲ್ಲಿ ಕಾಲು ಮಡಿಸಿ ಕೂತುಬಿಟ್ಟರು.

"ಬರ್ಕೋ ಮರಿ. ಇದು ಶುದ್ಧ ಅವಿವೇಕ. ಅಷ್ಟು ದೊಡ್ಡ ಇಂಡಿಯಾದಲ್ಲಿ ಒಂದೇ ಟೈಮು. ಅಸ್ಸಾಂನೋರು ಬೇಗ ಏಳ್ತಾರೆ, ಗುಜರಾತಿನೋರು ನಿಧಾನಕ್ಕೆ ಏಳ್ತಾರೆ, ಯಾರಾದ್ರೂ ಸತ್ತೋದ್ರಾ? ಇಲ್ಲಿ ಸೂರ್ಯಂಗೇ ಗಡಿಯಾರ ತೋರ್ಸಕ್ಕೆ ಹೊರಟಿದಾರೆ. ನಾನು ಈ ಆಟಕ್ಕೆ ಬರಲ್ಲ ಅಂತ ಒಂದ್ವರ್ಷ ವಾಚೇ ತಿರುಗಿಸ್ಲಿಲ್ಲ, ಗೊತ್ತಾ?"

"ಆಮೇಲೇನಾಯ್ತು ಅಂಕಲ್?" ಎಂದು ಪ್ರಜ್ವಲ್ ಕೆಣಕಿದ.

"ಏನಾಗುತ್ತೆ, ಹಲ್ಲಿನ ಡಾಕ್ಟರ ಹತ್ರ ಒಂದು ಗಂಟೆ ಲೇಟಾಗಿ ಹೋದೆ. ಅವರು ಬಾಗಿಲಲ್ಲೇ ವಾಪಸ್ ಕಳಿಸಿದ್ರು. ಒಳ್ಳೇದೇ ಆಯ್ತು ಬಿಡು, ಕೀಳ್ಬೇಕಾಗಿದ್ದ ಹಲ್ಲು ಇನ್ನೂ ಇದೆ."

ದಿಯಾ ನಕ್ಕಳು. ಪ್ರಜ್ವಲ್ ಸುಮ್ಮನಿರದೆ ಇನ್ನೂ ಒಂದು ಬಾಣ ಬಿಟ್ಟ. "ಅಲ್ಲ ಅಂಕಲ್, ಕನ್ನಡ ಕೂಟದ ದೀಪಾವಳೀನ ನಾವು ಹದಿನಾರನೇ ತಾರೀಖಿಗೆ ತಳ್ಳಿದೀವಿ. ನೀವೇ ಕಮಿಟೀಲಿದ್ರಿ. ಅಮಾವಾಸ್ಯೆ ಹಬ್ಬಾನ ಹುಣ್ಣಿಮೆಗೆ ತಳ್ಳಬಹುದು, ಗಡಿಯಾರದ ಮುಳ್ಳು ಮಾತ್ರ ಮುಟ್ಟಬಾರದಾ?"

ಚಂದ್ರಮೌಳಿ ಅಂಕಲ್‌ಗೆ ಸಿಟ್ಟು ಬರಲಿಲ್ಲ. ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ಸ್ವಲ್ಪ ಯೋಚನೆ ಮಾಡಿದರು.

"ಹಬ್ಬ ತಳ್ಳಿದ್ರೆ ಹಬ್ಬಕ್ಕೇನೂ ಬೇಜಾರಿಲ್ಲ ಕಣಯ್ಯಾ. ಕಾರ್ಯಕ್ರಮಕ್ಕೆ ಹಾಲ್ ಸಿಗೋದು ಯಾವಾಗ ಅಂತ ದೇವರಿಗೂ ಗೊತ್ತು. ಆದ್ರೆ ಗಂಟೆ ತಳ್ಳಿದ್ರೆ ಹೊಟ್ಟೆಗೆ, ನಿದ್ದೆಗೆ ಗೊತ್ತಾಗಲ್ಲ ನೋಡು. ಅವಕ್ಕೆ ಯಾರು ಹೇಳ್ಬೇಕು? ಮಾರ್ಚಲ್ಲಿ ನಂಗೆ ಒಂದು ವಾರ ಮೈಯೇ ನಂದಲ್ಲ ಅನ್ಸುತ್ತೆ. ಹೇಳ್ಕೊಂಡ್ರೆ ಮಗ, ಒಂದು ಗಂಟೆ ತಾನೇ ಅಪ್ಪ ಅಂತಾನೆ."

ದಿಯಾ ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ಬಗ್ಗಿ ಏನೋ ಬರೆದುಕೊಂಡಳು. ಅಂಕಲ್ ಹೋದ ಮೇಲೆ ಅವಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಳು. ಅಭಿಪ್ರಾಯ ಕೇಳಿದರೆ ಎಲ್ಲರೂ ದೇಶದ ಬಗ್ಗೆ ಮಾತಾಡುವ ಹಾಗೆ ಶುರು ಮಾಡಿ ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಾರೆ, ಅಪ್ಪ ಒಬ್ಬನೇ ಕರೆಂಟಿನ ಬಗ್ಗೆ ಹೇಳಿದ್ದು ಎಂದಳು. ಪ್ರಜ್ವಲ್ ಮಗಳ ಜಾಣತನಕ್ಕೆ ಹಿಗ್ಗಿದನೇ ಹೊರತು ಅವಳು ಚುಚ್ಚಿದ್ದು ಅವನಿಗೆ ತಿಳಿಯಲಿಲ್ಲ.

ಶನಿವಾರ ಅವನ ಯೋಜನೆಯ ಪ್ರಕಾರವೇ ನಡೆಯಿತು. ಸಿನಿಮಾಕ್ಕೆ ಹೋದರು, ಅವಳಿಗೆ ಬೇಕಾದ ಚಳಿಗಾಲದ ಬೂಟು ಕೊಂಡರು, ಬಾಲ್ಕನಿಯಲ್ಲಿ ದೀಪ ಹಚ್ಚಿದರು. ಊಟಕ್ಕೆ ಬಿಸಿಬೇಳೆ ಬಾತು ಮಾಡಲು ಹೋಗಿ ಕೊಂಚ ತಡವಾಯಿತು. ಬೇಳೆ ಬೇಯುವಷ್ಟರಲ್ಲಿ ದಿಯಾ ಸೋಫಾದಲ್ಲಿ ತೂಕಡಿಸುತ್ತಿದ್ದಳು. ಎಬ್ಬಿಸಿ ನಾಲ್ಕು ತುತ್ತು ತಿನ್ನಿಸಿದ. "ಬೆಳಿಗ್ಗೆ ಬೇಗ ಏಳ್ಬೇಕು, ಎಣ್ಣೆ ಸ್ನಾನ. ನಾಳೆ ನಮಗೆ ಒಂದು ಗಂಟೆ ಎಕ್ಸ್‌ಟ್ರಾ ಇದೆ," ಎಂದ. "ಐ ನೋ," ಎಂದು ಅವಳು ನಿದ್ದೆಗಣ್ಣಲ್ಲೇ ನಕ್ಕಳು. ಅವಳಿಗೂ ಆ ಗಂಟೆಯ ಮೇಲೆ ಆಸೆಯಿದೆ ಎಂದು ತಿಳಿದು ಪ್ರಜ್ವಲನಿಗೆ ಎಲ್ಲಿಲ್ಲದ ಸಂತೋಷವಾಯಿತು.

ಬೆಳಗಿನ ಜಾವ ಅವನೇ ಎಬ್ಬಿಸಬೇಕಾಗಲಿಲ್ಲ, ಅವಳು ಎದ್ದೇ ಇದ್ದಳು. ಕಿಟಕಿಯಾಚೆ ಇನ್ನೂ ಕತ್ತಲು. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಹಳೇ ಟವೆಲ್ ಹೊದಿಸಿ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ಇಟ್ಟ. ಅವನ ಅಮ್ಮ ಮಾಡುತ್ತಿದ್ದ ಹಾಗೆ ಮೊದಲು ನೆಲಕ್ಕೆ ಮೂರು ಬೊಟ್ಟು ಹಾಕಿ, ಆಮೇಲೆ ತಲೆಗೆ ತಟ್ಟಿದ. ಮಗಳ ಕೂದಲು ಇಷ್ಟು ದಟ್ಟವಾಗಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಬೆರಳಿನ ತುದಿಯಲ್ಲಿ ಬುಡದಿಂದ ಮೇಲಕ್ಕೆ ಉಜ್ಜುತ್ತಾ ಹೋದಂತೆ ಅವಳ ಹೆಗಲು ಸಡಿಲವಾಯಿತು.

"ಕ್ಯಾನ್ ಐ ಪ್ರಾಕ್ಟೀಸ್ ಮೈ ಸ್ಪೀಚ್?" ಎಂದಳು.

"ಹೇಳು, ಕೇಳ್ತೀನಿ."

ಗೋಡೆಯ ಕಡೆ ಮುಖ ಮಾಡಿಕೊಂಡೇ ಅವಳು ಶುರು ಮಾಡಿದಳು. ಮೊದಲು ಅಮ್ಮನ ಬಸ್ ಸ್ಟಾಪು, ಚಂದ್ರಮೌಳಿ ತಾತನ ಹಲ್ಲು, ಮಾರ್ಚಿನ ಆ ಸೋಮವಾರ ನಿದ್ದೆಗೆಟ್ಟವರ ಕಾರು ಅಪಘಾತಗಳು ಬಂದವು. ಪ್ರಜ್ವಲ್ ನಡುನಡುವೆ ಹೂಂಗುಟ್ಟುತ್ತಿದ್ದ. ಆಮೇಲೆ ಅವಳ ದನಿ ಸ್ವಲ್ಪ ತಗ್ಗಿತು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಅವನ ಎದೆಗೆ ಇಳಿದದ್ದು ಹೀಗೆ.

"ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಎರಡು ವಾರಕ್ಕೊಮ್ಮೆ ಮಾಡುತ್ತೇನೆ. ನನಗೆ ಶುಕ್ರವಾರ ಅಂದರೆ ನವೆಂಬರ್, ಭಾನುವಾರ ಅಂದರೆ ಮಾರ್ಚ್. ಅಪ್ಪನ ಮನೆಯಲ್ಲಿ ನನಗೆ ಎಲ್ಲರಿಗಿಂತ ಮೊದಲು ಹಸಿವಾಗುತ್ತದೆ, ಅಪ್ಪ ಆಗಿನ್ನೂ ಅಕ್ಕಿ ತೊಳೆಯುತ್ತಿರುತ್ತಾನೆ. ನಾನು ಆ ಸಮಯಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ವಾಪಸು ಹೋಗಬೇಕು. ಸೋಮವಾರ ಕತ್ತಲಲ್ಲಿ ಬಸ್ಸಿಗೆ ನಿಲ್ಲುತ್ತೇನೆ. ಮೊದಲ ಪೀರಿಯಡ್‌ನಲ್ಲಿ ಟೀಚರ್ ಮಾತು ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತದೆ. ಹೋದ ಮಾರ್ಚಿನಲ್ಲಿ ಎರಡೂ ಒಂದೇ ದಿನ ಬಂದವು. ಎರಡು ಗಂಟೆ ಹೋಯಿತು. ಸೋಮವಾರ ಗಣಿತದ ಟೆಸ್ಟ್ ಇತ್ತು, ನಾನು ಡೆಸ್ಕ್ ಮೇಲೆ ನಿದ್ದೆ ಮಾಡಿಬಿಟ್ಟೆ. ಗಡಿಯಾರದ ಬಗ್ಗೆ ಇಡೀ ದೇಶದ ಅಭಿಪ್ರಾಯ ಕೇಳುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ."

ಪ್ರಜ್ವಲನ ಕೈ ಅವಳ ನೆತ್ತಿಯ ಮೇಲೆ ನಿಂತುಹೋಯಿತು.

"ವರ್ಷದಲ್ಲಿ ಈ ಒಂದು ಭಾನುವಾರ ಮಾತ್ರ ನನಗೆ ಇಷ್ಟ," ಎಂದು ಅವಳು ಮುಂದುವರಿಸಿದಳು. "ದೇಶ ಒಂದು ಗಂಟೆ ಕೊಡುತ್ತದೆ, ಮಿಶಿಗನ್ ಒಂದು ಗಂಟೆ ತೆಗೆದುಕೊಳ್ಳುತ್ತದೆ. ನಾನು ಏನನ್ನೂ ಬದಲಾಯಿಸಿಕೊಳ್ಳದೆ, ಇದ್ದ ಹಾಗೇ ಮನೆಗೆ ಹೋಗುತ್ತೇನೆ."

ಅವಳು ಮನೆ ಎಂದದ್ದು ಯಾವ ಮನೆಯನ್ನು ಎಂಬುದು ಅವನಿಗೆ ಗೊತ್ತಾಯಿತು. ಅದು ಚುರ್ರೆಂದಿತು. ಆದರೆ ಅದಕ್ಕಿಂತ ಮೊದಲು ನಾಚಿಕೆಯಾಯಿತು. ಬೇಸಿಗೆಯಿಂದ ತನ್ನದೆಂದು ಜೋಪಾನ ಮಾಡಿಕೊಂಡು ಬಂದ ಗಂಟೆ ಅವನದಾಗಿರಲೇ ಇಲ್ಲ. ಅದು ವರ್ಷಕ್ಕೊಮ್ಮೆ ಈ ಹುಡುಗಿಗೆ ಸಿಗುವ ಒಂದೇ ಒಂದು ಬಿಡುವು. ಹೋದ ಮಾರ್ಚಿನ ಆ ವಾರಾಂತ್ಯವೂ ಅವನಿಗೆ ನೆನಪಿತ್ತು. ಭಾನುವಾರ ಹೊರಡುವ ಹೊತ್ತಾದರೂ ಇನ್ನರ್ಧ ಗಂಟೆ ಇರೋಣ ಎಂದು ಮಗಳನ್ನು ಒಳಾಂಗಣ ವಾಟರ್ ಪಾರ್ಕಿನಲ್ಲಿ ಹಿಡಿದಿಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಎಂಥ ಒಳ್ಳೆಯ ಅಪ್ಪ ನಾನು ಎಂದು ಬೀಗಿದ್ದ.

"ಇದನ್ನ ಅಮ್ಮಂಗೆ ಹೇಳಿದ್ಯಾ?" ಎಂದ.

"ನೋ. ಶೀ ವಿಲ್ ಸೇ ಇಟ್ಸ್ ಯುವರ್ ಫಾಲ್ಟ್. ದೆನ್ ಯು ಗೈಸ್ ವಿಲ್ ಫೈಟ್."

"ಕ್ಲಾಸಲ್ಲಿ ಹೇಳ್ತೀಯಾ?"

"ನೋ ಅಪ್ಪಾ. ದಟ್ ಪಾರ್ಟ್ ಈಸ್ ಜಸ್ಟ್ ಫಾರ್ ಪ್ರಾಕ್ಟೀಸ್."

ಅವನು ಮತ್ತೆ ಎಣ್ಣೆ ಉಜ್ಜತೊಡಗಿದ. ಏನಾದರೂ ಮಾಡುತ್ತಿರಬೇಕಿತ್ತು. ಆಮೇಲೆ, ಬುಧವಾರದಿಂದ ಮಗಳನ್ನು ಕೇಳಲು ಹೆದರಿದ್ದ ಪ್ರಶ್ನೆಯನ್ನು ತಾನೇ ಕೇಳಿದ. "ಇಲ್ಲಿಗೆ ಬರೋದೇ ಬೇಡ ಅನ್ಸುತ್ತಾ, ಪುಟ್ಟಾ?"

ದಿಯಾ ತಟ್ಟನೆ ತಿರುಗಿದಳು. ಹಣೆಯ ಮೇಲಿಂದ ಎಣ್ಣೆ ಹುಬ್ಬಿಗೆ ಇಳಿಯುತ್ತಿತ್ತು. "ಐ ವಾಂಟ್ ಟು ಕಮ್! ಐ ಜಸ್ಟ್ ಡೋಂಟ್ ವಾಂಟ್ ಟು ಬಿ ಟಯರ್ಡ್," ಎಂದಳು. ಆಮೇಲೆ ಅಪ್ಪನ ಮುಖ ನೋಡಿ, "ಇಟ್ಸ್ ಫೈನ್," ಎಂದು ಸೇರಿಸಿದಳು. ಆ ಮಾತಿಗೆ ಅವಳು ಎಷ್ಟು ಬೆಲೆ ತೆರುತ್ತಿದ್ದಾಳೆ ಎಂಬುದು ಅವನಿಗೆ ಮೊದಲ ಸಲ ಅರಿವಾಯಿತು.

ಸ್ನಾನ ಮುಗಿದು, ಹಣೆಗೆ ಕುಂಕುಮವಿಟ್ಟು ಆರತಿ ಎತ್ತಿದಾಗ ಪಾರ್ಕಿಂಗ್ ಲಾಟಿನ ಆಚೆ ಬೆಳಕು ಹರಿಯಿತು. ಅವನು ಬೇಗ ದೋಸೆ ಹಾಕಿದ. ಅವಳು ನಾಲ್ಕು ತಿಂದಳು. ಮಾಡಬೇಕೆಂದುಕೊಂಡಿದ್ದ ಇನ್ನೆಲ್ಲವನ್ನೂ ಬಿಟ್ಟು, ಇಬ್ಬರೂ ಹೀಟರಿನ ಪಕ್ಕ ಕೂತು ಕೂದಲು ಒಣಗಿಸಿಕೊಂಡು ಕಾರ್ಟೂನ್ ನೋಡಿದರು. ಹೊರಡುವ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೇ ಹೊರಟರು.

ಹೆದ್ದಾರಿಯಲ್ಲಿ ದಿಯಾ ಹಾಡು ಹಾಕಿಕೊಂಡು ಎಚ್ಚರವಾಗಿಯೇ ಇದ್ದಳು. ಇಂಡಿಯಾನಾ ದಾಟಿ ಮಿಶಿಗನ್ ಬಂದಾಗ ಫೋನಿನ ಗಂಟೆ ತಾನಾಗಿಯೇ ಒಂದು ಮುಂದಕ್ಕೆ ಹಾರಿತು. ಅವಳು ಅದನ್ನು ತೋರಿಸಿ ನಕ್ಕಳು. ಪ್ರಜ್ವಲ್ ರಸ್ತೆ ನೋಡುತ್ತಾ ಲೆಕ್ಕ ಹಾಕುತ್ತಿದ್ದ. ಲತಾ ತಿಂಗಳಿಗೊಮ್ಮೆ ಎಂದರೆ ಒಪ್ಪಿಕೊಳ್ಳಬೇಕೇ? ಒಪ್ಪಿಕೊಂಡರೆ ಮಗಳಿಗೆ ನಿದ್ದೆ ಉಳಿಯುತ್ತದೆ, ಅವನಿಗೆ ಏನು ಉಳಿಯುತ್ತದೆ? ಒಪ್ಪದಿದ್ದರೆ, ಇಷ್ಟೆಲ್ಲ ಕೇಳಿದ ಮೇಲೂ ಒಪ್ಪದವನು ಎಂಥ ಮನುಷ್ಯ? ಉತ್ತರ ಸಿಗುವ ಮೊದಲೇ ಪಾ ಪಾ ಎಕ್ಸಿಟ್ ಬಂತು.

ಲತಾ ಆಗಲೇ ಬಂದು ಕಾರಿಗೆ ಒರಗಿ ಕಾಫಿ ಕುಡಿಯುತ್ತಿದ್ದಳು. ದಿಯಾ ಬ್ಯಾಗು ಹಿಂದಿನ ಸೀಟಿಗೆ ಎಸೆದು, ತಾನೂ ಹತ್ತಿ ಬಾಗಿಲು ಹಾಕಿಕೊಂಡಳು. ಕಿಟಕಿಯ ಗಾಜು ಅರ್ಧ ಇಳಿದಿತ್ತು. ಅದನ್ನು ಇಬ್ಬರೂ ಗಮನಿಸಲಿಲ್ಲ.

"ಜನವರಿಯಿಂದ ಮೂರು ತಿಂಗಳು ನಮ್ ಪ್ಲಾಂಟಲ್ಲಿ ಹೊಸ ಮಾಡೆಲ್ ಲಾಂಚು," ಎಂದು ಲತಾ ಶುರು ಮಾಡಿದಳು. "ಶನಿವಾರ ಹೋಗ್ಲೇಬೇಕು. ಎಷ್ಟೋ ಭಾನುವಾರ ಕೂಡ. ಇವಳನ್ನ ಯಾರ ಮನೇಲಿ ಬಿಡ್ಲಿ ನಾನು? ಅದಕ್ಕೇ, ಪ್ರತಿ ವೀಕೆಂಡೂ ನೀನೇ ಕರ್ಕೊಂಡು ಹೋಗ್ತೀಯಾ ಅಂತ ಕೇಳೋಣ ಅಂತ. ನೀನು ಯಾವಾಗ್ಲೂ ಇನ್ನೂ ಬೇಕು ಬೇಕು ಅಂತಿದ್ಯಲ್ಲ."

ಪ್ರಜ್ವಲನಿಗೆ ಒಂದು ಕ್ಷಣ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಕಳೆದುಕೊಳ್ಳುತ್ತೇನೆ ಎಂದು ಬಂದವನ ಕೈಗೆ ದುಪ್ಪಟ್ಟು ಬಂದು ಬಿದ್ದಿತ್ತು. ಪ್ರತಿ ಶುಕ್ರವಾರ ಮಗಳು ಸಿಗುತ್ತಾಳೆ, ಪ್ರತಿ ಶನಿವಾರ ಮನೆಯಲ್ಲಿರುತ್ತಾಳೆ. ಮೂರು ವರ್ಷದಿಂದ ವಕೀಲರ ಮುಂದೆ, ಫೋನಿನಲ್ಲಿ, ದೇವರ ಮುಂದೆ ಕೇಳಿಕೊಂಡದ್ದು ಇದನ್ನೇ. ಮೊನ್ನೆ ಶುಕ್ರವಾರ ಇದೇ ಜಾಗದಲ್ಲಿ ಹೀಗೆಂದಿದ್ದರೆ ಅವನು ಅಲ್ಲೇ ಕುಣಿದುಬಿಡುತ್ತಿದ್ದ. ಈಗಲೂ ಹೂಂ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಳ್ಳಲು ಅವನು ಬಹಳ ಕಷ್ಟಪಡಬೇಕಾಯಿತು.

"ಬೇಡ," ಎಂದ.

ಲತಾಳ ಮುಖ ಬಿಗಿಯಿತು. "ಬೇಡ್ವಾ? ಏನು, ನಿಂಗೂ ಬೇಡ್ವಾ ಅವಳು?"

"ಅವಳು ಅಲ್ಲಿಗೆ ಬರೋದು ಬೇಡ ಅಂದೆ. ನಾನೇ ಬರ್ತೀನಿ. ಪ್ರತಿ ಶುಕ್ರವಾರ ನಾರ್ತ್‌ವಿಲ್‌ಗೆ. ಹತ್ರದಲ್ಲೇ ಎಲ್ಲಾದ್ರೂ ಒಂದು ರೂಮ್ ತಗೋತೀನಿ, ಅವಳು ನನ್ನ ಜೊತೆ ಇರ್ಲಿ. ಭಾನುವಾರ ರಾತ್ರಿ ನಿನ್ನ ಮನೆಗೆ ಬಿಟ್ಟು ಹೋಗ್ತೀನಿ. ಮುಂದಿನ ಸಲದಿಂದಾನೇ. ಲಾಂಚ್ ಮುಗಿದ್ಮೇಲೂ ಹಾಗೇ."

"ಹುಚ್ಚಾ ನಿಂಗೆ? ಮುನ್ನೂರು ಮೈಲಿ. ಜನವರಿ ಸ್ನೋನಲ್ಲಿ."

"ಹೂಂ."

"ಯಾಕೆ?"

ಹೇಳಿಬಿಡಬಹುದಿತ್ತು. ಹೇಳಿದ್ದರೆ ಲತಾಗೂ ಅರ್ಥವಾಗುತ್ತಿತ್ತು, ಮೂರು ವರ್ಷದಲ್ಲಿ ಮೊದಲ ಸಲ ಅವನು ಒಳ್ಳೆಯವನು ಎನಿಸುತ್ತಿತ್ತೋ ಏನೋ. ಆದರೆ ಆ ಮಾತು ಅವನದಾಗಿರಲಿಲ್ಲ. ಪ್ರಾಕ್ಟೀಸಿಗೆಂದು ಅವನೊಬ್ಬನಿಗೇ ಹೇಳಿದ್ದು.

"ನಂಗೆ ಡ್ರೈವ್ ಮಾಡೋದು ಇಷ್ಟ," ಎಂದ. ಈ ಉತ್ತರ ಕರೆಂಟು ಉಳಿಯುವುದಕ್ಕಿಂತಲೂ ಕಳಪೆಯಾಗಿತ್ತು. ಲತಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಕಾರಿನೊಳಗಿಂದ ಅಳು ಕೇಳಿಸಿತು. ದಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಪ್ಪ ಸಾಮಾನು ಕಟ್ಟಿಕೊಂಡು ಹೊರಟ ದಿನವೂ ಬಾಗಿಲಲ್ಲಿ ನಿಂತು ಎಲ್ಲ ಸರಿಯಾಗಿದೆ ಎಂದು ಕೈ ಬೀಸಿದ್ದ ಹುಡುಗಿ, ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಎಂಬಂತೆ ಅಳುತ್ತಿದ್ದಳು. ಲತಾ ಕಾಫಿ ಲೋಟವನ್ನು ಕಾರಿನ ಮೇಲಿಟ್ಟು ಓಡಿಹೋಗಿ ಬಾಗಿಲು ತೆಗೆದು ಮಗಳನ್ನು ತಬ್ಬಿಕೊಂಡಳು.

"ಏನ್ ಮಾಡಿದೆ ಇವಳಿಗೆ? ಏನಂದೆ?" ಎಂದು ಅವನ ಕಡೆ ತಿರುಗಿ ಕಿರುಚಿದಳು.

ಪ್ರಜ್ವಲ್ ಬೈಸಿಕೊಂಡು ನಿಂತ. ಬೈಗುಳ ಅವತ್ತು ಅವನಿಗೆ ತಾಗಲಿಲ್ಲ. ಅಳು ಕಡಿಮೆಯಾಗುವವರೆಗೆ ಇಬ್ಬರೂ ಕಾರಿನ ಒಂದೊಂದು ಬದಿಯಲ್ಲಿ ನಿಂತಿದ್ದರು. ಪಕ್ಕದಲ್ಲಿ ಗ್ಯಾಸ್ ಹಾಕಿಸುತ್ತಿದ್ದವನೊಬ್ಬ ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಕೊನೆಗೆ ಲತಾ ಮಗಳ ಕೆನ್ನೆ ಒರೆಸಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಕೈಬೆರಳು ನೋಡಿಕೊಂಡಳು. "ಎಣ್ಣೆ ಸರಿಯಾಗಿ ಹೋಗೇ ಇಲ್ಲ," ಎಂದಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ.

ದಿಯಾ ಮೂಗು ಒರೆಸಿಕೊಂಡು ಅಮ್ಮನ ಹೆಗಲ ಮೇಲಿಂದ ಅವನನ್ನು ನೋಡಿದಳು.

"ವಾಟ್ ಟೈಮ್ ವಿಲ್ ಯು ಕಮ್?"

"ಶುಕ್ರವಾರ ಆರಕ್ಕೆ," ಎಂದ ಪ್ರಜ್ವಲ್. "ನಿನ್ನ ಆರಕ್ಕೆ."